ಹಸುವಿಗೆ ಓಲೆ ಇದೆ, ಮಗುವಿನ ಹೆಸರು ಕಾರ್ಡಿನಲ್ಲಿದೆಯೇ?



ಈ ಸಂಚಿಕೆಗೆ ಕೆಚ್ಚಲು ಬಾವಿನ ಬಗ್ಗೆ ಬರೆಯಬೇಕೆಂದಿದ್ದೆ. ಅದನ್ನು ಮುಂದಕ್ಕೆ ಹಾಕಿ ಮನೆಯವರ ಆಸ್ಪತ್ರೆ ಖರ್ಚಿನ ಬಗ್ಗೆ ಬರೆಯುತ್ತಿದ್ದೇನೆ. ದನದ ಡಾಕ್ಟರಿಗೇಕೆ ಈ ವಿಷಯ ಎನ್ನಬೇಡಿ, ಕಾರಣ ಇದೆ.

ಕಳೆದ ವರ್ಷ ಒಂದು ಊರಿನಿಂದ ಕರೆ ಬಂತು. "ಡಾಕ್ಟ್ರೇ, ಹಸು ಗಬ್ಬ ನಿಂತಿದೆಯಾ ನೋಡಿ ಹೇಳಿ, ಮಾರಬೇಕು." ಎರಡನೇ ಸೂಲಿನ ಎಚ್‌ಎಫ್ ಮಿಶ್ರತಳಿ, ಎರಡೂ ಹೊತ್ತು ಸೇರಿ 14 ಲೀಟರ್ ಕೊಡುತ್ತಿದ್ದ ಹಸು. ಪರೀಕ್ಷೆ ಮಾಡಿದೆ, ಮೂರು ತಿಂಗಳ ಗಬ್ಬ. ಒಳ್ಳೆಯ ಬೆಲೆ ಬರುತ್ತದೆ ಎಂದು ಹೇಳಿ ಬಂದೆ. ಇಷ್ಟು ಒಳ್ಳೆಯ ಹಸುವನ್ನು ಯಾಕೆ ಮಾರುತ್ತೀರಿ ಎಂದು ಕೇಳಲಿಲ್ಲ. ಆಮೇಲೆ ಸಂಘದ ಕಾರ್ಯದರ್ಶಿಯಿಂದ ತಿಳಿಯಿತು: ಆ ತಾಯಿಯ ಮೂರು ವರ್ಷದ ಮಗನಿಗೆ ಹೃದಯದಲ್ಲಿ ರಂಧ್ರ, ಆಪರೇಷನ್ನಿಗೆ ಹಣ ಹೊಂದಿಸಲು ಎರಡು ಹಸು ಕೊಟ್ಟರು. ಮಗು ಈಗ ಚೆನ್ನಾಗಿದೆ. ಆದರೆ ಆ ಆಪರೇಷನ್ ಪೂರ್ತಿ ಉಚಿತವಾಗಿ ಆಗಬಹುದಿತ್ತು. ನಾನು ಒಂದು ಮಾತು ಕೇಳಿದ್ದರೆ ಕೊಟ್ಟಿಗೆ ಖಾಲಿಯಾಗುತ್ತಿರಲಿಲ್ಲವೇನೋ.

ಹಸುವಿಗೆ ವಿಮೆ ಮಾಡಿಸುವಾಗ ನಾವು ಕಿವಿಗೆ ಓಲೆ ಹಾಕುತ್ತೇವೆ. ಓಲೆ ಬಿದ್ದುಹೋಗಿ ಹೊಸದು ಹಾಕಿಸದಿದ್ದರೆ, ಹಸು ಸತ್ತಾಗ ಪರಿಹಾರಕ್ಕೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಮನುಷ್ಯರ ಆರೋಗ್ಯ ಯೋಜನೆಗಳೂ ಹಾಗೆಯೇ. ಯೋಜನೆ ಇರುತ್ತದೆ, ಹಣವೂ ಇರುತ್ತದೆ, ಓಲೆ ಮಾತ್ರ ಇರುವುದಿಲ್ಲ. ಇಲ್ಲಿ ಓಲೆ ಎಂದರೆ ಪಡಿತರ ಚೀಟಿಯಲ್ಲಿರುವ ಹೆಸರು.

ಮೊದಲನೆಯದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2018ರಿಂದ ಇದೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ತಲೆಗೆ 5 ಲಕ್ಷ ಅಲ್ಲ, ಇಡೀ ಮನೆಗೆ. ಒಂದು ರೂಪಾಯಿ ಕಂತೂ ಕಟ್ಟಬೇಕಿಲ್ಲ. ಎಪಿಎಲ್ ಕುಟುಂಬಗಳಿಗೆ ಸರ್ಕಾರ ನಿಗದಿ ಮಾಡಿದ ದರದಲ್ಲಿ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದದ್ದು ನಮ್ಮ ಕೈಯಿಂದ. ಆಸ್ಪತ್ರೆಯಲ್ಲಿ ಪಡಿತರ ಚೀಟಿ ತೋರಿಸದಿದ್ದರೆ ಬಿಪಿಎಲ್‌ನವರನ್ನೂ ಈ ಎರಡನೇ ಗುಂಪಿಗೇ ಸೇರಿಸುತ್ತಾರೆ.

ಹೆಚ್ಚಿನವರು ಎಡವುವುದು ದಾರಿಯಲ್ಲಿ. ಕಾಯಿಲೆ ಎಂದ ಕೂಡಲೇ ಪರಿಚಯದವರು ಹೇಳಿದ ಖಾಸಗಿ ಆಸ್ಪತ್ರೆಗೆ ಓಡುತ್ತೇವೆ. ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಸಾಧಾರಣ ಚಿಕಿತ್ಸೆಗಳು ಅಲ್ಲಿಯೇ ಆಗಬೇಕು. ಅಲ್ಲಿ ಆಗದ ದೊಡ್ಡ ಚಿಕಿತ್ಸೆಗೆ ವೈದ್ಯರು ರೆಫರಲ್ ಪತ್ರ ಬರೆದುಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿಸಿಕೊಂಡಿರುವ ಆಸ್ಪತ್ರೆಗೆ ಹೋಗಬೇಕು, ಅದು ಖಾಸಗಿಯೂ ಆಗಿರಬಹುದು. ಹೃದಯಾಘಾತದಂತಹ ತುರ್ತಿಗೆ ಪತ್ರ ಬೇಡ. ಹಾಗೆ ಪತ್ರವಿಲ್ಲದೆ ಪಡೆಯಬಹುದಾದ ತುರ್ತು ಚಿಕಿತ್ಸೆಗಳನ್ನು ಪಟ್ಟಿ ಮಾಡಿದ್ದಾರೆ. ಆಸ್ಪತ್ರೆಯೊಳಗೆ ಕಾಲಿಟ್ಟ ಕೂಡಲೇ 'ಆರೋಗ್ಯ ಮಿತ್ರ ಎಲ್ಲಿದ್ದಾರೆ?' ಎಂದು ಕೇಳಿ. ಕಾಗದಪತ್ರದ ಕೆಲಸ ಮಾಡಿಕೊಡುವವರು ಅವರು. ಹಣ ಕಟ್ಟುವ ಮೊದಲೇ ಕೇಳಬೇಕು. ಮೊದಲು ಕಟ್ಟಿ ಆಮೇಲೆ ವಾಪಸು ಪಡೆಯುವ ಪದ್ಧತಿ ಇಲ್ಲಿಲ್ಲ.

ಎರಡನೆಯದು ನಮ್ಮದೇ ಸಹಕಾರಿಗಳ ಯಶಸ್ವಿನಿ. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಹಾಲು ಸಂಘದ ಸದಸ್ಯರು ಸೇರಬಹುದು. ಮರುಜಾರಿಯಾದಾಗ ಗೊತ್ತು ಮಾಡಿದ ವಂತಿಗೆ ಗ್ರಾಮೀಣ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚುವರಿ ಪ್ರತಿ ಸದಸ್ಯರಿಗೆ 100 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರದ್ದು. ಇಲ್ಲಿಯೂ ವರ್ಷಕ್ಕೆ 5 ಲಕ್ಷದ ಮಿತಿ. ನನ್ನ ಲೆಕ್ಕದಲ್ಲಿ ಇದರ ನಿಜವಾದ ಉಪಯೋಗ ಎಪಿಎಲ್ ಕಾರ್ಡಿನ ಮನೆಗಳಿಗೆ. ಮೇಲಿನ ಯೋಜನೆಯಲ್ಲಿ ಶೇ 70 ನಾವೇ ಕಟ್ಟಬೇಕಲ್ಲ, ಅದಕ್ಕೆ. 500 ರೂಪಾಯಿ ಎಂದರೆ ಅರ್ಧ ಮೂಟೆ ಪಶು ಆಹಾರವೂ ಬರುವುದಿಲ್ಲ. ಆದರೆ ಇದು ವರ್ಷ ವರ್ಷ ನವೀಕರಿಸಬೇಕಾದದ್ದು, ನೋಂದಣಿ ನಿಗದಿತ ಅವಧಿಗೆ ಮಾತ್ರ ತೆರೆದಿರುತ್ತದೆ. ಹೋದ ವರ್ಷ ಕಟ್ಟಿದ್ದೆ ಎಂದರೆ ಈ ವರ್ಷಕ್ಕೆ ಆಗದು. ದಿನಾಂಕವನ್ನು ನಿಮ್ಮ ಕಾರ್ಯದರ್ಶಿಗಳಲ್ಲಿ ಕೇಳಿಕೊಳ್ಳಿ. ಪಟ್ಟಿಯಲ್ಲಿಲ್ಲದ ಚಿಕಿತ್ಸೆ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ಮಕ್ಕಳದ್ದು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂದು 2013ರಲ್ಲಿ ಶುರುವಾಯಿತು. ಹುಟ್ಟಿನಿಂದ 18 ವರ್ಷದವರೆಗೆ. ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ, ಒಂದು ಬಾರಿ ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ. ಸೀಳು ತುಟಿ, ತಿರುಚಿದ ಪಾದ, ಹುಟ್ಟು ಕಿವುಡು, ಹುಟ್ಟಿನಿಂದ ಬಂದ ಕಣ್ಣಿನ ಪೊರೆ, ಹೃದಯದ ರಂಧ್ರ, ರಕ್ತಹೀನತೆ, ಮಾತು ನಡಿಗೆ ತಡವಾಗುವುದು, ಇಂಥವನ್ನು ಗುರುತಿಸಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತಾರೆ. ಆಪರೇಷನ್ ಬೇಕಾದರೆ ಅದೂ ಉಚಿತ. ನಾನು ಹೇಳಿದ ಆ ಮಗುವಿನ ವಿಷಯದಲ್ಲಿ ಏನಾಯಿತೆಂದರೆ, ತಂಡ ಬಂದ ದಿನ ಅವನು ಅಜ್ಜಿಯ ಊರಿನಲ್ಲಿದ್ದ. ಮನೆಯ ಬಿಪಿಎಲ್ ಕಾರ್ಡಿಗೆ ಅವನ ಹೆಸರನ್ನೂ ಸೇರಿಸಿರಲಿಲ್ಲ. ಹೀಗೆ ಎರಡೂ ಬಾಗಿಲು ಮುಚ್ಚಿದವು. ತಂಡ ಬಂದ ದಿನ ತಪ್ಪಿದರೆ ಅಷ್ಟಕ್ಕೇ ಬಿಡಬೇಡಿ, ಆಶಾ ಕಾರ್ಯಕರ್ತೆಗೋ ಅಂಗನವಾಡಿ ಟೀಚರಿಗೋ ಹೇಳಿ. ಹಾಲು ಕುಡಿಯುವಾಗ ಮಗು ಬೆವರುತ್ತದೆ, ತೂಕ ಏರುತ್ತಿಲ್ಲ, ತುಟಿ ನೀಲಿಯಾಗುತ್ತದೆ ಎಂದರೆ ಕಾಯಲೇಬೇಡಿ.

ಹೆರಿಗೆಗೆ ಯಾವ ಕಾರ್ಡೂ ಬೇಡ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಮಗುವಿಗೆ ಒಂದು ವರ್ಷ ತುಂಬುವವರೆಗೆ ಅದರ ಚಿಕಿತ್ಸೆಯೂ ಅಷ್ಟೇ. ಜ್ವರ, ನಾಯಿ ಕಡಿತದಂಥವಕ್ಕೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ರೇಬೀಸ್ ಲಸಿಕೆ ಅಲ್ಲಿ ಉಚಿತ. ಎಮ್ಮೆಗೆ ಹುಚ್ಚುನಾಯಿ ಕಚ್ಚಿದರೆ ನನಗೆ ಫೋನ್ ಮಾಡುವಷ್ಟೇ ಬೇಗ ನಿಮ್ಮ ಮಗುವನ್ನೂ ಅಲ್ಲಿಗೆ ಕರೆದೊಯ್ಯಿರಿ.

ಸೊಸೆ ಬಂದ ಮನೆಯಲ್ಲಿ ಅವಳ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿರುತ್ತದೆ. ಮೊಮ್ಮಕ್ಕಳ ಹೆಸರು ಎಲ್ಲಿಯೂ ಇರುವುದಿಲ್ಲ. ಒಮ್ಮೆ ಕಾರ್ಡು ತೆಗೆದು ಹೆಸರುಗಳನ್ನು ಎಣಿಸಿ. ಮನೆಯ ತಲೆಗಳೂ ಕಾರ್ಡಿನ ಹೆಸರುಗಳೂ ತಾಳೆಯಾಗಬೇಕು. ಎಲ್ಲರ ಇ-ಕೆವೈಸಿ ಆಗಿದೆಯೇ ಎಂದು ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ. ಸಂಶಯವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ, ಆಯುಷ್ಮಾನ್ ವಿಚಾರಕ್ಕೆ 14555ಕ್ಕೆ ಫೋನ್ ಮಾಡಬಹುದು, ಎರಡೂ ಉಚಿತ.

ಮುಂದಿನ ಬಟವಾಡೆಗೆ ಸಂಘಕ್ಕೆ ಬರುವಾಗ ಪಡಿತರ ಚೀಟಿ ತನ್ನಿ. ನಾನು ಬರುವ ದಿನವಾದರೆ ಇಬ್ಬರೂ ಕೂತು ನೋಡೋಣ. ಕೆಚ್ಚಲು ಬಾವಿನ ಲೇಖನ ಮುಂದಿನ ತಿಂಗಳು.