ಚಾಲಕನಿಲ್ಲದ ವಿಮಾನಕ್ಕೆ ಕಾಲು ಜೋಡಿಸುವ ಬಗೆ

ಮದುವೆ ಮನೆಗಳಲ್ಲಿ ಚಿತ್ರ ತೆಗೆಯಲು ಹಾರಿಸುವ ಡ್ರೋನನ್ನು ನಾವೆಲ್ಲರೂ ನೋಡಿದ್ದೇವೆ. ಅದು ನಿಂತಲ್ಲಿಂದ ನೆಟ್ಟಗೆ ಏರಿ, ನೆಟ್ಟಗೆ ಇಳಿಯುತ್ತದೆ. ಅದಕ್ಕೆ ಗಟ್ಟಿಯಾದ ಎರಡು ಕಾಲುಗಳು ಸಾಕು. ಆದರೆ ನೂರಾರು ಕಿಲೋಗ್ರಾಂ ತೂಗುವ, ರೆಕ್ಕೆಗಳುಳ್ಳ ದೊಡ್ಡ ಡ್ರೋನು ವೇಗವಾಗಿ ಮುಂದೋಡುತ್ತಲೇ ನೆಲವನ್ನು ಮುಟ್ಟಬೇಕಾಗುತ್ತದೆ. ಅದನ್ನು ಇಳಿಸುವುದು ಹೇಗೆ?

ಬೆಂಗಳೂರಿನ ರಕ್ಷಣಾ ಸಂಶೋಧನಾಲಯವೊಂದರಲ್ಲಿ ರೂಪುಗೊಂಡ ‘ನಿಶಾಂತ್’ ಸುಮಾರು 380 ಕಿಲೋಗ್ರಾಂ ತೂಕದ್ದು. ಅದಕ್ಕೆ ಚಕ್ರಗಳಿರಲಿಲ್ಲ. ಲಾರಿಯ ಮೇಲಿನ ಹಳಿಯಿಂದ ಅದನ್ನು ಕವಣೆಕಲ್ಲಿನಂತೆ ಎಸೆಯುತ್ತಿದ್ದರು; ಇಳಿಸಲು ಪ್ಯಾರಾಶೂಟು ಮತ್ತು ಗಾಳಿಚೀಲಗಳು. ಪ್ಯಾರಾಶೂಟಾದರೋ ಗಾಳಿ ಬೀಸಿದತ್ತ ಸಾಗುವ ವಸ್ತು. ಆದುದರಿಂದ ಇದೇ ವಿಮಾನಕ್ಕೆ ಚಕ್ರಗಳನ್ನು ಜೋಡಿಸಿ ‘ಪಂಛೀ’ ಎಂಬ ಹೊಸ ರೂಪವನ್ನು ಸಿದ್ಧಪಡಿಸಿದರು. 2014ರ ಡಿಸೆಂಬರ್ 24ರಂದು ಅದು ಮೊದಲ ಬಾರಿಗೆ ಹಾರಿತು.

ಚಕ್ರ ಜೋಡಿಸುವಾಗ ಮೂರು ವಿಷಯಗಳನ್ನು ಗಮನಿಸಬೇಕು.

ಮೊದಲನೆಯದು ಸ್ಥಾನ. ಮೂಗಿನ ಕೆಳಗೆ ಒಂದು ಚಕ್ರ, ಹಿಂದೆ ಎರಡು ಮುಖ್ಯ ಚಕ್ರಗಳು. ಮುಖ್ಯ ಚಕ್ರಗಳು ಗುರುತ್ವಕೇಂದ್ರಕ್ಕಿಂತ ತುಸು ಹಿಂದಿರಬೇಕು. ಮುಂದಿದ್ದರೆ ವಿಮಾನವು ಬಾಲದ ಮೇಲೆ ಕುಳಿತುಬಿಡುತ್ತದೆ. ತೀರ ಹಿಂದಿದ್ದರೆ ಏರುವಾಗ ಮೂಗು ಮೇಲೇಳುವುದೇ ಕಷ್ಟ.

ಎರಡನೆಯದು ಆಘಾತ. ಯಕ್ಷಗಾನದ ವೇಷಧಾರಿ ಧೀಂಗಿಣ ಹಾಕಿ ನೆಲಕ್ಕಿಳಿಯುವಾಗ ಮೊಣಕಾಲು ಮಡಚುವುದನ್ನು ನೋಡಿದ್ದೀರಲ್ಲವೇ? ಅದೇ ತತ್ವ ಇಲ್ಲಿಯೂ ಇದೆ. 380 ಕಿಲೋಗ್ರಾಂ ವಿಮಾನವು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಕೆಳಗಿಳಿದರೆ, ಆ ಇಳಿತದ ಚಲನಶಕ್ತಿ 760 ಜೂಲ್. ಅದು 2 ಸೆಂಟಿಮೀಟರಿನಲ್ಲಿ ನಿಂತರೆ ಸರಾಸರಿ ಬಲ 38,000 ನ್ಯೂಟನ್. 20 ಸೆಂಟಿಮೀಟರ್ ಕುಗ್ಗಿ ನಿಂತರೆ ಕೇವಲ 3,800. (ವಿಮಾನದ ಸ್ವಂತ ಭಾರವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.) ಬರಿಯ ಸ್ಪ್ರಿಂಗ್ ಇದ್ದರೆ ವಿಮಾನ ಪುಟಿಯುತ್ತದೆ. ಆದ್ದರಿಂದ ದೊಡ್ಡ ವಿಮಾನಗಳ ಕಾಲಿನೊಳಗೆ ಅನಿಲದೊಂದಿಗೆ ಎಣ್ಣೆಯನ್ನೂ ತುಂಬುತ್ತಾರೆ. ಎಣ್ಣೆಯು ಕಿರಿದಾದ ರಂಧ್ರದ ಮೂಲಕ ಹಾಯುವಾಗ ಆ ಶಕ್ತಿ ಶಾಖವಾಗಿ ಮಾರ್ಪಡುತ್ತದೆ.

ಮೂರನೆಯದು ಗಾಳಿಯ ತಡೆ. ವೇಗ ಇಮ್ಮಡಿಯಾದರೆ ತಡೆ ಸುಮಾರು ನಾಲ್ಮಡಿಯಾಗುತ್ತದೆ. ಅದಕ್ಕಾಗಿ ಕೆಲವು ವಿಮಾನಗಳು ಹಕ್ಕಿಯಂತೆ ಕಾಲನ್ನು ಒಳಗೆಳೆದುಕೊಳ್ಳುತ್ತವೆ. ‘ತಪಸ್’ ಎಂಬ ದೊಡ್ಡ ಡ್ರೋನಿಗೆ ಇಂತಹ ಮಡಚುವ ಕಾಲುಗಳನ್ನು ಚೆನ್ನೈ ಬಳಿಯ ಆವಡಿಯ ಸಂಶೋಧನಾಲಯದಲ್ಲಿ ರೂಪಿಸಲಾಯಿತು.

ತಪಸ್ 2016ರ ನವೆಂಬರಿನಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಮೊದಲು ಹಾರಿತು. 2019ರ ಸೆಪ್ಟೆಂಬರ್ 17ರಂದು ಅಲ್ಲಿಯೇ ಸಮೀಪದ ಹೊಲವೊಂದರಲ್ಲಿ ಒಂದು ತಪಸ್ ಉರುಳಿಬಿತ್ತು. ಆದರೂ ವಿಜ್ಞಾನಿಗಳು ಕೈಚೆಲ್ಲಲಿಲ್ಲ. 2022ರ ಜುಲೈ 1ರಂದು, ಸ್ವದೇಶಿ ಚಕ್ರವ್ಯವಸ್ಥೆಯುಳ್ಳ ಇನ್ನೊಂದು ಚಾಲಕರಹಿತ ವಿಮಾನವು ಚಳ್ಳಕೆರೆಯಲ್ಲಿ ತಾನಾಗಿಯೇ ಏರಿ, ಹಾರಿ, ಸುಗಮವಾಗಿ ಇಳಿಯಿತು.

ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಇಂತಹ ವಿದ್ಯೆ ಎಟಕೀತೇ ಎಂದು ಗಡಿನಾಡಿನ ಹೆತ್ತವರು ಶಂಕಿಸುವುದುಂಟು. ಗುರುತ್ವಕೇಂದ್ರ, ಬಲ, ಚಲನಶಕ್ತಿ: ಮೇಲಿನ ಲೆಕ್ಕಕ್ಕೆ ಬೇಕಾದ ಮಾತುಗಳೆಲ್ಲ ಕನ್ನಡದಲ್ಲಿಯೇ ಇವೆ. ಭಾಷೆ ಅಡ್ಡಿಯಲ್ಲ, ಅರಿಯದೆ ಬಾಯಿಪಾಠ ಮಾಡುವುದೇ ಅಡ್ಡಿ.

ವಿದ್ಯಾರ್ಥಿಗಳೇ, ಒಂದು ಅಳತೆಪಟ್ಟಿಯ ತುದಿಗೆ ರಬ್ಬರನ್ನು ಕಟ್ಟಿ, ಪಟ್ಟಿಯನ್ನು ಬೆರಳಿನ ಮೇಲೆ ಸಮತೂಗಿಸಿರಿ. ಬೆರಳು ನಡುವಿನಿಂದ ಎಷ್ಟು ಸರಿಯಿತೆಂದು ಬರೆದಿಡಿರಿ. ಚಕ್ರವನ್ನು ಎಲ್ಲಿ ಜೋಡಿಸಬೇಕೆಂಬ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.