ಚರ್ಚಿನ ಅಂಗಳದಲ್ಲಿ ತೆಗೆದ ಸೆಲ್ಫಿ

ಪ್ರೀತಿಯ ಮಗಳೇ,

ಕಳೆದ ಭಾನುವಾರ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಲ್ಲಿ ಪೂಜೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತಿದ್ದಾಗ ನಿನ್ನ ಫೋನು ಮೂರು ಸಲ ಬಡಿದುಕೊಂಡಿತು. ಮಾತು ಅರ್ಧಕ್ಕೇ ನಿಲ್ಲಿಸಿ, ಗೋಪುರ ಕಾಣುವ ಹಾಗೆ ಸೆಲ್ಫಿ ತೆಗೆದು ಕಳಿಸಿದೆ. ನೀನು ಚರ್ಚಿಗೇ ಬಂದಿದ್ದೀಯ ಎನ್ನುವುದಕ್ಕೆ ನಿನ್ನನ್ನು ಮದುವೆಯಾಗಲಿರುವವನಿಗೆ ಸಾಕ್ಷಿ ಬೇಕಿತ್ತು. ‘ಅಷ್ಟು ಪ್ರೀತಿ ಅವರಿಗೆ’ ಎಂದೆ ನೀನು. ನಿನ್ನ ಕೈ ನಡುಗುತ್ತಿತ್ತು.

ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟಿದ್ದರಿಂದ 1792ರಲ್ಲಿ ಎದ್ದ ಚರ್ಚು ಅದು. ಓಡಿ ಬಂದವರನ್ನು ಯಾರೂ ‘ಸಹಿಸಿಕೊಂಡಿರಬೇಕಿತ್ತು’ ಎಂದು ವಾಪಸ್ ಕಳಿಸಲಿಲ್ಲ.

ಅದೇ ಅರಸುಮನೆತನದ ಗೌರಮ್ಮನಿಗೆ ಅಂಥ ಆಶ್ರಯ ಸಿಗಲಿಲ್ಲ. ಚಿಕ್ಕವೀರರಾಜೇಂದ್ರನ ಈ ಮಗಳಿಗೆ 1852ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಪಂಜಾಬಿನ ದುಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂದಿದ್ದರು, ಅವನು ಒಪ್ಪಲಿಲ್ಲ. 1860ರಲ್ಲಿ ಅವಳಿಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನೊಂದಿಗೆ ಮದುವೆಯಾಯಿತು. ಅವನ ಕಣ್ಣು ಅವಳ ಒಡವೆಗಳ ಮೇಲಿತ್ತೆಂದು ಬರೆದವರಿದ್ದಾರೆ. ಒಂದು ಹೆಣ್ಣು ಮಗುವನ್ನು ಬಿಟ್ಟು 1864ರಲ್ಲಿ, ಇನ್ನೂ ಇಪ್ಪತ್ತೆರಡರಲ್ಲೇ ಕ್ಷಯದಿಂದ ತೀರಿಕೊಂಡಳು. ಸುತ್ತಲಿದ್ದವರೆಲ್ಲ ದೈವಭಕ್ತರೇ. ಅವರ ಲೆಕ್ಕಾಚಾರದಲ್ಲಿ ಆ ಹುಡುಗಿಯ ಮನಸ್ಸಿಗೆ ಎಷ್ಟು ಜಾಗವಿತ್ತು?

ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬ ಪೌಲನ ಮಾತನ್ನು ನಿನ್ನ ಹುಡುಗ ನಿನಗೆ ಕಳಿಸಿದ್ದಾನಂತೆ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದ 22ನೇ ವಚನ ಅದು. ಅದರ ಹಿಂದಿನ ವಚನ ಇಬ್ಬರಿಗೂ ಅನ್ವಯಿಸುತ್ತದೆ, ಪರಸ್ಪರ ತಗ್ಗಿ ನಡೆಯಿರಿ ಎನ್ನುತ್ತದೆ. 25ನೆಯದು ಗಂಡನಿಂದ ಪ್ರಾಣವನ್ನೇ ಕೇಳುತ್ತದೆ. ನಡುವಿನದನ್ನು ಮಾತ್ರ ಕತ್ತರಿಸಿ ಕಳಿಸುವವನು ಬೈಬಲ್ಲನ್ನು ಬೆತ್ತ ಮಾಡಿಕೊಂಡಿದ್ದಾನೆ.

ಧರ್ಮಸಭೆಯ ಕಾನೂನೂ ನಿನ್ನ ಪರವಾಗಿಯೇ ಇದೆ. ತೀವ್ರ ಭಯದಿಂದ ಒಪ್ಪಿಕೊಂಡ ಮದುವೆ ಮದುವೆಯೇ ಅಲ್ಲ ಎನ್ನುತ್ತದೆ 1103ನೇ ಕಟ್ಟಳೆ. ಸಂಗಾತಿಯಿಂದ ಜೀವಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆಯಾಗಬಹುದು ಎನ್ನುತ್ತದೆ 1153ನೆಯದು. ದೇಶದ ಕಾನೂನು ಮಾತ್ರ ತಡವಾಗಿ ಎಚ್ಚೆತ್ತಿತು. 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಾಗಿತ್ತು. ಹೆಂಡತಿ ಅದರ ಜೊತೆಗೆ ಕ್ರೌರ್ಯದಂಥ ಇನ್ನೊಂದನ್ನೂ ಸಾಬೀತು ಮಾಡಬೇಕಿತ್ತು. ಆ ತಾರತಮ್ಯ ಹೋದದ್ದು 2001ರಲ್ಲಿ.

ನಿನ್ನದು ಇನ್ನೂ ನಿಶ್ಚಿತಾರ್ಥ ಅಷ್ಟೇ. ಚರ್ಚಿನಲ್ಲಿ ಮದುವೆ ಪ್ರಕಟಣೆ ಓದುವುದೇ, ಅಡ್ಡಿಯಿದ್ದವರು ಹೇಳಲಿ ಎಂದು. ಹೇಳುವ ಹಕ್ಕು ಎಲ್ಲರಿಗಿಂತ ಮೊದಲು ನಿನ್ನದು. ಛತ್ರದ ಮುಂಗಡ ಹೋದರೆ ಹೋಗಲಿ. ಅವನು ಮನೆ ಬಾಗಿಲಿಗೆ ಬಂದು ಗಲಾಟೆ ಮಾಡಿದರೆ 112ಕ್ಕೆ ಫೋನು ಮಾಡು. ಮಹಿಳಾ ಸಹಾಯವಾಣಿ 181 ಕೂಡ ಇದೆ.

ಬರುವ ಭಾನುವಾರ ಪೂಜೆ ಮುಗಿಸಿ ನೇರ ನಮ್ಮ ಮನೆಗೆ ಬಾ. ನಿಮ್ಮಮ್ಮನಿಗೆ ನಾನೇ ಹೇಳುತ್ತೇನೆ.

ನಿನ್ನ ದೊಡ್ಡಮ್ಮ