ಹಳೆಯ ಕಾರಿನ ಹಿಂದೆ ವಾಸದ ಟ್ರೇಲರು

ಹಳೆಯ ಅಂಬಾಸಡರ್ ಕಾರಿನ ಹಿಂದೆ, ಇಬ್ಬರು ಮಲಗಲು ಬರುವಂಥ ಸಣ್ಣ ಟ್ರೇಲರೊಂದನ್ನು ಕಟ್ಟಿಕೊಂಡು ಪುಣೆಯಿಂದ ಬೆಳಗಾವಿ, ಧಾರವಾಡಗಳ ಕಡೆಗೆ ಹೋಗಬಹುದೇ ಎಂದು ನಮ್ಮ ವಾಚನಾಲಯಕ್ಕೆ ಬರುವ ಇಬ್ಬರು ಮಿತ್ರರು ಕೇಳಿದ್ದಾರೆ. ಒಬ್ಬರು ಗ್ಯಾರೇಜಿನಲ್ಲಿ ದುಡಿಯುವವರು. ಕಾರು ಅವರ ಯಜಮಾನರದು. ಇನ್ನೊಬ್ಬರು ಹಳೆಯ ಕಾರನ್ನು ತಾವೇ ಕೊಂಡು ಸರಿಪಡಿಸಿಕೊಂಡವರು. ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ಊರಿಗೆ ಹೊರಡುವ ವಿಚಾರದಲ್ಲಿದ್ದಾರೆ. ಹೋಗಬಹುದು ಎಂಬುದೇ ನಮ್ಮ ಉತ್ತರ. ಆದರೆ ದಾರಿಯಲ್ಲಿ ಕಾತ್ರಜ, ಖಂಬಾಟಕಿ, ನಿಪ್ಪಾಣಿಯ ಬಳಿಯ ಸ್ತವನಿಧಿ ಎಂದು ಘಾಟುಗಳಿವೆ. ಅಲ್ಲಿ ಭಾರದ ಲೆಕ್ಕ ತಪ್ಪಿದರೆ ಪ್ರಾಣಕ್ಕೆ ಬರುತ್ತದೆ. ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಮೋಟಾರಿನ ವಿದ್ಯೆ ಹೆಚ್ಚಿಲ್ಲದಿದ್ದರೂ, ಈ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಕೂಡಿಸಿ ಕಳೆಯುವ ಲೆಕ್ಕವೇ ಆಗಿದೆ.

ವಾಸದ ಬಂಡಿ ಹೊಸದೇನಲ್ಲ. ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟಿಷ್ ವೈದ್ಯರು 1885ರಲ್ಲಿ ಕುದುರೆ ಎಳೆಯುವ ಇಂಥದೊಂದು ಬಂಡಿಯನ್ನು ಮಾಡಿಸಿಕೊಂಡು ಬ್ರಿಟನ್ನಿನಲ್ಲಿ ಸಂಚರಿಸಿದರು. ಮೊದಲನೆಯ ಮಹಾಯುದ್ಧದ ಅನಂತರ ಕುದುರೆಯ ಜಾಗಕ್ಕೆ ಕಾರು ಬಂತು. ಆದರೂ ಎಳೆಯುವ ಸೂತ್ರ ಬದಲಾಗಲಿಲ್ಲ. ಅದು ನಮ್ಮ ಹಳ್ಳಿಯ ಚಕ್ಕಡಿಯ ಸೂತ್ರವೇ.

ಚಕ್ಕಡಿಗೆ ಹೇರು ಹಾಕುವಾಗ ಒಕ್ಕಲಿಗನು ಏನು ಮಾಡುತ್ತಾನೆ ನೆನಪಿಸಿಕೊಳ್ಳಿರಿ. ಚೀಲಗಳು ಹಿಂದಕ್ಕೆ ಹೋದರೆ ನೊಗ ಮೇಲೆದ್ದು ಎತ್ತಿನ ಕೊರಳಿನ ಪಟ್ಟಿ ಬಿಗಿಯುತ್ತದೆ. ತೀರ ಮುಂದಕ್ಕೆ ಬಂದರೆ ನೊಗ ಹೆಗಲನ್ನು ಅದುಮುತ್ತದೆ. ಆದುದರಿಂದ ಅವನು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ, ತುಸು ಮುಂಭಾರ ಇರುವಂತೆ ಚೀಲ ಸರಿಸುತ್ತಾನೆ. ಎರಡು ಚಕ್ರದ ಟ್ರೇಲರಿಗೂ ಇದೇ ನ್ಯಾಯ. ಕಾರಿನ ಕೊಂಡಿಯ ಮೇಲೆ ಬೀಳುವ ಈ ಮುಂಭಾರವು ಟ್ರೇಲರಿನ ಒಟ್ಟು ತೂಕದ ನೂರಕ್ಕೆ 5ರಿಂದ 10ರಷ್ಟು ಇರಬೇಕು. 400 ಕಿಲೋಗ್ರಾಂ ಟ್ರೇಲರಿಗೆ ಸುಮಾರು 30 ಕಿಲೋ ಎಂದಿಟ್ಟುಕೊಳ್ಳಿರಿ. ಅಳೆಯುವುದು ಸುಲಭ. ಸಾಮಾನು ತುಂಬಿದ ಮೇಲೆ, ಚಕ್ರಗಳಿಗೆ ಕಲ್ಲು ಕೊಟ್ಟು, ಮನುಷ್ಯರು ನಿಂತು ತೂಗುವ ಕಾಟಾದ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಟ್ರೇಲರಿನ ಮೂತಿಯನ್ನು ಇಳಿಸಬೇಕು. ಮೂತಿ ಕಾರಿಗೆ ಸೇರುವ ಎತ್ತರದಲ್ಲೇ ಇರಲಿ.

ಒಂದು ಚೀಲ ತಪ್ಪು ಜಾಗದಲ್ಲಿದ್ದರೆ ಏನು ಮಹಾ ಎನ್ನುವವರಿಗೆ ಈ ಲೆಕ್ಕ. ಕೊಂಡಿಯಿಂದ ಅಚ್ಚಿಗೆ 2.4 ಮೀಟರ್ ದೂರವಿರಲಿ. 40 ಕಿಲೋ ಜೋಳದ ಚೀಲವನ್ನು ಅಚ್ಚಿನಿಂದ 1 ಮೀಟರ್ ಹಿಂದೆ ಇಟ್ಟರೆ ಮುಂಭಾರದಲ್ಲಿ 40ನ್ನು 2.4ರಿಂದ ಭಾಗಿಸಿದಷ್ಟು, ಎಂದರೆ ಹತ್ತಿರ ಹತ್ತಿರ 17 ಕಿಲೋ ಕಳೆದುಹೋಗುತ್ತದೆ. 30 ಇದ್ದದ್ದು 13 ಆಯಿತು. ಊರಿನಿಂದ ತಿರುಗಿ ಬರುವಾಗ ತಾಯಿಯವರು ಪ್ರೀತಿಯಿಂದ ಕೊಟ್ಟ ಚೀಲವನ್ನು ಹಿಂದಿನ ಬಾಗಿಲಿನಿಂದ ಒಳಗೆ ತಳ್ಳಿ ಹೊರಟುಬಿಡುವುದೇ ಹೆಚ್ಚು. ಭಾರದ ಸಾಮಾನು ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರವಾಗಿ ಇರಬೇಕು. ಹಾಸಿಗೆ, ಬಟ್ಟೆಗಳು ಎಲ್ಲಿದ್ದರೂ ನಡೆದೀತು.

ಮುಂಭಾರ ಸಾಲದೆ ಹೋದರೆ ಟ್ರೇಲರು ಬಾಲದಂತೆ ಅಲ್ಲಾಡತೊಡಗುತ್ತದೆ. ನಿಧಾನದಲ್ಲಿ ಇದು ಕಾಣುವುದಿಲ್ಲ. ವೇಗ ಏರಿದಾಗ, ಇಳಿಜಾರಿನಲ್ಲಿ, ಅಥವಾ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಗಾಳಿ ಎಬ್ಬಿಸಿಕೊಂಡು ದಾಟಿದಾಗ ಒಮ್ಮೆಲೇ ಹುಟ್ಟಿಕೊಳ್ಳುತ್ತದೆ. ಒಂದು ತೂಗಿಗಿಂತ ಮುಂದಿನ ತೂಗು ದೊಡ್ಡದಾಗುತ್ತ ಹೋಗಿ, ಕೊನೆಗೆ ಟ್ರೇಲರೇ ಕಾರನ್ನು ತಿರುಗಿಸಿ ಹಾಕುತ್ತದೆ. ಆಗ ಸ್ಟಿಯರಿಂಗನ್ನು ಅತ್ತಿತ್ತ ತಿರುವಿ ಸರಿಪಡಿಸಲು ಹೋಗಬಾರದು. ಗಟ್ಟಿಯಾಗಿ ಬ್ರೇಕೂ ಒತ್ತಬಾರದು. ಚಕ್ರವನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ವೇಗ ತಾನಾಗಿ ಇಳಿದಂತೆ ಆಟವೂ ನಿಲ್ಲುತ್ತದೆ. ಆಮೇಲೆ ಬದಿಗೆ ನಿಲ್ಲಿಸಿ ಸಾಮಾನನ್ನು ಮುಂದಕ್ಕೆ ಸರಿಸದೆ ಹೊರಡಕೂಡದು.

ಇನ್ನು ಒಟ್ಟು ತೂಕ. ಅಂಬಾಸಡರ್ ಕಾರು ಮಾರಿಸ್ ಆಕ್ಸ್‌ಫರ್ಡಿನ ಮಾದರಿಯದು, 2014ರವರೆಗೆ ತಯಾರಾಯಿತು. ಹಳೆಯವುಗಳಲ್ಲಿ 1489 ಸಿ.ಸಿ. ಎಂಜಿನು, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಖಾಲಿ ಕಾರು ಸುಮಾರು 1100 ಕಿಲೋ. ಬ್ರಿಟನ್ನಿನ ಕಾನೂನಿನಲ್ಲಿ, ಸ್ವಂತ ಬ್ರೇಕಿಲ್ಲದ ಟ್ರೇಲರಿನ ತೂಕ ಖಾಲಿ ಕಾರಿನ ತೂಕದ ಅರ್ಧವನ್ನು ಮೀರುವಂತಿಲ್ಲ. ಅದರಂತೆ 550 ಕಿಲೋ ಆಗುತ್ತದೆ. ಮುಪ್ಪಾದ ಕಾರಿಗೆ ಅಷ್ಟೂ ಬೇಡ, 400 ಸಾಕು ಎಂದು ನಮ್ಮ ಮತ. ಕಾರು 1100, ನಾಲ್ವರು 280, ಟ್ರೇಲರು 400, ಕೂಡಿ 1780 ಕಿಲೋ. ಹದಿನೈದಕ್ಕೆ ಒಂದರಂತೆ ಏರುವ ದಾರಿಯಲ್ಲಿ ಏರಿಗೆಂದೇ ಎಂಜಿನು ಹೆಚ್ಚಾಗಿ ಎಳೆಯಬೇಕಾದುದು ಟ್ರೇಲರಿಲ್ಲದೆ 92 ಕಿಲೋ, ಟ್ರೇಲರಿದ್ದರೆ 119 ಕಿಲೋ. ನೀರು ಕುದಿಯುವುದು ಇಲ್ಲಿಯೇ. ಬೆಳಗಿನ ತಂಪಿನಲ್ಲಿ ಘಾಟು ಹತ್ತಿರಿ. ಕುದಿದರೆ ನಿಲ್ಲಿಸಿ ಕಾಯಿರಿ. ಬಿಸಿಯಲ್ಲಿ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಳ್ಳಬೇಡಿರಿ.

ಏರಿಗಿಂತ ಇಳಿಜಾರು ಕೆಟ್ಟದ್ದು. ಏರಿನಲ್ಲಿ ಎಂಜಿನು ಸೋತರೆ ಗಾಡಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಬ್ರೇಕು ಸೋತರೆ ನಿಲ್ಲುವುದಿಲ್ಲ. 1780 ಕಿಲೋ ಭಾರ 200 ಮೀಟರ್ ಎತ್ತರದಿಂದ ಇಳಿಯುವಾಗ ಹುಟ್ಟುವ ಶಾಖದಿಂದ ಸುಮಾರು 11 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಷ್ಟನ್ನೂ ನಾಲ್ಕು ಡ್ರಮ್ಮುಗಳ ಮೇಲೆ ಹೊರಿಸಿದರೆ ಅವು ಕಾದು ಹಿಡಿತ ಬಿಡುತ್ತವೆ. ಏರುವಾಗ ಹಾಕುವ ಗೇರನ್ನೇ ಇಳಿಯುವಾಗಲೂ, ಇಳಿಜಾರು ಆರಂಭವಾಗುವ ಮೊದಲೇ ಹಾಕಿಕೊಂಡರೆ ಎಂಜಿನು ಗಾಡಿಯನ್ನು ತಡೆಯುತ್ತದೆ. ಪೆಟ್ರೋಲು ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವ ಜಾಣರಿದ್ದಾರೆ; ಅವರ ಗಾಡಿಯಲ್ಲಿ ಮಕ್ಕಳನ್ನು ಕೂಡಿಸಬೇಡಿರಿ. ವೇಗ 40ರಿಂದ 60ಕ್ಕೆ ಏರಿದರೆ ನಿಲ್ಲಿಸಲು ಬೇಕಾದ ಕೆಲಸ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಆಗುತ್ತದೆ.

ಕೊಂಡಿಯನ್ನು ಬಂಪರಿಗೆ ಬೆಸೆಯುವುದು ಶುದ್ಧ ತಪ್ಪು. ಅಂಬಾಸಡರಿಗೆ ಜೀಪಿನಂತೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ತಳದ ಪೆಟ್ಟಿಗೆಯಾಕಾರದ ಗಟ್ಟಿ ಭಾಗಗಳಿಗೆ, ತುಕ್ಕು ತಿಂದಿಲ್ಲವೆಂದು ಸುತ್ತಿಗೆಯಿಂದ ತಟ್ಟಿ ನೋಡಿ, ದಪ್ಪ ಪಟ್ಟಿ ಕೊಟ್ಟು ಬೋಲ್ಟು ಹಾಕಬೇಕು. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬೀಳದಂತೆ ಎರಡು ಸರಪಳಿಗಳನ್ನು ಅಡ್ಡಡ್ಡ ಕಟ್ಟಬೇಕು.

ಕಾನೂನು. 1988ರ ಮೋಟಾರು ವಾಹನ ಕಾಯಿದೆಯಂತೆ ಟ್ರೇಲರಿಗೂ ನೋಂದಣಿ ಬೇಕು, ಮತ್ತು ಎಳೆಯುವ ಕಾರಿನ ನಂಬರು ಟ್ರೇಲರಿನ ಮೇಲೂ ಕಾಣಬೇಕು. ಗ್ಯಾರೇಜಿನ ಮಿತ್ರರು ಇನ್ನೊಂದನ್ನು ಗಮನಿಸಬೇಕು. 2021ರ ತಿದ್ದುಪಡಿಯ ಪ್ರಕಾರ 50 ವರ್ಷ ಮೀರಿದ, ಮೂಲರೂಪ ಕೆಡದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಾಗೆ ನೋಂದಾಯಿಸಿದ್ದು ಪ್ರದರ್ಶನ, ರ್ಯಾಲಿ, ದುರಸ್ತಿ ಮುಂತಾದವುಗಳಿಗೆ ಮಾತ್ರ ರಸ್ತೆಗೆ ಇಳಿಯಬಹುದು. ಯಜಮಾನರ ಕಾರು ಆ ಬಗೆಯದಾಗಿದ್ದರೆ ಪ್ರವಾಸದ ಮಾತನ್ನು ಬಿಡುವುದೇ ಸರಿ. ಸಾಧಾರಣ ನೋಂದಣಿಯ ಹಳೆಯ ಕಾರಾದರೆ ಅದರ ನವೀಕರಣ ನಡೆದಿದೆಯೇ ನೋಡಿರಿ. ಕೊಂಡಿ ಹಾಕಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿರಿ, ಹಾಕಿಸಿದ ಮೇಲಲ್ಲ. ಓಡುವ ಟ್ರೇಲರಿನೊಳಗೆ ಯಾರೂ ಕೂಡಬಾರದು, ನಿದ್ದೆಹೋದ ಮಗುವೂ ಸಹ.

ರಿವರ್ಸ್ ಹೋಗುವಾಗ ಸ್ಟಿಯರಿಂಗನ್ನು ಕೆಳತುದಿಯಲ್ಲಿ ಹಿಡಿದು, ಟ್ರೇಲರಿನ ಹಿಂಭಾಗ ಯಾವ ಕಡೆಗೆ ಹೋಗಬೇಕೋ ಆ ಕಡೆಗೇ ಕೈ ಸರಿಸಬೇಕು. ಇದನ್ನು ಸದಾಶಿವ ಪೇಠೆಯ ಓಣಿಗಳಲ್ಲಿ ಕಲಿಯಲು ಹೋಗಬೇಡಿರಿ, ಬಯಲು ನೋಡಿಕೊಳ್ಳಿರಿ.

ಹೊರಟ ದಿನ ಕಾತ್ರಜ ದಾಟಿ ಖೇಡ ಶಿವಾಪುರದ ಹತ್ತಿರ ಒಮ್ಮೆ ನಿಲ್ಲಿಸಿರಿ. ಕೊಂಡಿ, ಸರಪಳಿ, ಹಿಂದಿನ ದೀಪಗಳನ್ನು ನೋಡಿ, ಟ್ರೇಲರಿನ ಎರಡೂ ಚಕ್ರಗಳ ನಡುವಿನ ಹಬ್ಬಿನ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿದ್ದರೆ ಮುಂದೆ ಸಾಗಬಹುದು. ಒಂದು ಮಾತ್ರ ಕೈಗೆ ಕಾವು ಹೊಡೆಯುವಷ್ಟು ಬಿಸಿಯಾಗಿದ್ದರೆ ಬೇರಿಂಗು ಕೆಟ್ಟಿದೆ ಎಂದು ತಿಳಿದು, ಖಂಬಾಟಕಿಯವರೆಗೆ ಒಯ್ಯದೆ ಅಲ್ಲಿಯೇ ರಿಪೇರಿಗೆ ಬಿಡಿರಿ.